ಕೂತ್ಕೊಳ್ಳಿ ಸಾರ್, ಆರಾಮಾಗಿ

2016ರ ಜೂನ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷ ಇರುವಾಗ ನಾನು ಬ್ಯಾಂಕ್ ನೌಕರನಾದೆ. ಹತ್ತೂಕಾಲಿಗೆ ಕಾಫಿ ಬಂತು. ಹತ್ತೂವರೆಗೆ ಮ್ಯಾನೇಜರು ನನ್ನ ಕೈ ಹಿಡಿದು ಕಿಟಕಿ ಪಕ್ಕದ ಕುರ್ಚಿಯ ಹತ್ತಿರ ಕರೆದುಕೊಂಡು ಹೋಗಿ, "ಕೂತ್ಕೊಳ್ಳಿ ಸಾರ್, ಆರಾಮಾಗಿ. ಏನೂ ಟೆನ್ಷನ್ ಮಾಡ್ಕೋಬೇಡಿ" ಅಂದರು. ನವೆಂಬರ್ ಎರಡನೇ ವಾರದ ತನಕ ನಾನು ಅಲ್ಲೇ ಕೂತಿದ್ದೆ.

ಅವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಬರಹದಲ್ಲಿ ಖಳನಾಯಕರನ್ನು ಹುಡುಕುವವರಿಗೆ ಯಾರೂ ಸಿಗುವುದಿಲ್ಲ. ಫ್ಯಾನು ನನ್ನ ಕಡೆ ತಿರುಗಿಸುತ್ತಿದ್ದರು. ಮಳೆ ಬಂದ ದಿನ "ಬೇಗ ಹೊರಡಿ" ಅಂತ ನಾಲ್ಕಕ್ಕೇ ಕಳಿಸುತ್ತಿದ್ದರು. ಗೌರಿ ಹಬ್ಬಕ್ಕೆ ಮನೆಗೆ ಕರೆದು ಹೋಳಿಗೆ ಬಡಿಸಿದರು. ಕೆಲಸ ಒಂದನ್ನು ಬಿಟ್ಟು ಎಲ್ಲವನ್ನೂ ಕೊಟ್ಟರು.

ನಮ್ಮ ಭಾಷೆಯಲ್ಲಿ 'ಕೆಲಸ' ಅನ್ನೋ ಒಂದೇ ಪದ ಎರಡು ಹೊರೆ ಹೊರುತ್ತದೆ. ಕೆಲಸ ಸಿಕ್ಕಿತು ಅಂದರೆ ನೌಕರಿ. ಕೆಲಸ ಇದೆ ಅಂದರೆ ಮಾಡೋದಕ್ಕೆ ಏನೋ ಇದೆ. ಸಾಮಾನ್ಯವಾಗಿ ಒಂದು ಬಂದ ಮೇಲೆ ಇನ್ನೊಂದು ತಾನಾಗಿ ಬರುತ್ತದೆ, ಅದಕ್ಕೇ ಎರಡು ಪದ ಬೇಕಾಗಲಿಲ್ಲವೇನೋ. ನನ್ನ ವಿಷಯದಲ್ಲಿ ಇವೆರಡರ ನಡುವೆ ಐದು ತಿಂಗಳ ಅಂತರ ಬಿತ್ತು. ಅಷ್ಟೂ ತಿಂಗಳು ಸಂಬಳ ಸರಿಯಾಗಿ ಬಂತು. "ನಿಮ್ಮ ಹುಡುಗ ಬ್ಯಾಂಕಲ್ಲಿ ಏನು ಮಾಡ್ತಾನೆ?" ಅಂತ ಊರಲ್ಲಿ ಯಾರಾದರೂ ಕೇಳಿದರೆ ನಮ್ಮಪ್ಪ "ಆಫೀಸರ್ ಕೈಕೆಳಗೆ ಇದ್ದಾನೆ" ಅನ್ನುತ್ತಿದ್ದರು. ಅದು ಸುಳ್ಳೇನಲ್ಲ. ಕೈಕೆಳಗೆ ಇದ್ದೆ, ಅಷ್ಟೇ.

ನನಗಿರೋದು ರೆಟಿನೈಟಿಸ್ ಪಿಗ್ಮೆಂಟೋಸಾ. ನಮ್ಮಜ್ಜಿ ಅದನ್ನು ಇರುಳುಗಣ್ಣು ಅನ್ನುತ್ತಿದ್ದಳು, ಕ್ಯಾರೆಟ್ಟು ಕರಿಬೇವು ತಿನ್ನಿಸುತ್ತಿದ್ದಳು. ಇದು ಅದಲ್ಲ. ಇದು ವಂಶವಾಹಿಯಲ್ಲಿ ಬರುವ ರೋಗ. ಮೊದಲು ಕತ್ತಲಲ್ಲಿ ಕಾಣುವುದು ನಿಲ್ಲುತ್ತದೆ, ಆಮೇಲೆ ಸುತ್ತಲಿನ ನೋಟ ಅಂಚಿನಿಂದ ಕರಗುತ್ತಾ ಬರುತ್ತದೆ, ಕೊನೆಗೆ ಜಗತ್ತನ್ನು ಒಂದು ಪೈಪಿನೊಳಗಿಂದ ನೋಡಿದ ಹಾಗಾಗುತ್ತದೆ. ಬ್ಯಾಂಕಿಗೆ ಸೇರುವಾಗ ನನ್ನ ಹತ್ತಿರ ಆ ಪೈಪು ಇತ್ತು.

ಅದಕ್ಕಿಂತ ಮುಂಚೆ, ತಿಪಟೂರು ಕಡೆಯ ನಮ್ಮೂರಲ್ಲಿ, ನನಗೊಂದು ಕೆಲಸ ಇತ್ತು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ನೋಡಿ ಹೇಳುವ ಹಾಗಿಲ್ಲ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಕುಳುಕ್ ಅಂದರೆ ನೀರಿದೆ, ವಾಪಸ್ ಇಡು. ಲೊಟಲೊಟ ಅಂದರೆ ಆಗಿದೆ, ಕೆಳಕ್ಕೆ ಹಾಕು. ಅಟ್ಟದ ಮೇಲೆ ಕತ್ತಲು, ಬೆಂಕಿಪೊಟ್ಟಣ ಹಚ್ಚುವ ಹಾಗಿಲ್ಲ. ಅಣ್ಣಂದಿರು ಬ್ಯಾಟರಿ ಹಿಡಿದು ಒದ್ದಾಡುತ್ತಿದ್ದರೆ ನಾನು ಅವರಿಗಿಂತ ಬೇಗ ಮುಗಿಸಿ ಇಳಿಯುತ್ತಿದ್ದೆ. ಆದರೆ ಅದನ್ನು ಯಾರೂ ಕೆಲಸ ಅಂತ ಲೆಕ್ಕ ಹಾಕಲಿಲ್ಲ. "ಪಾಪ, ಏನೋ ಕೈಲಾದಷ್ಟು ಮಾಡ್ತಾನೆ" ಅನ್ನುವ ಖಾತೆಗೆ ಹೋಯಿತು. 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13.24 ಲಕ್ಷ. ದೇಶದಲ್ಲಿ 2.68 ಕೋಟಿ, ಅವರಲ್ಲಿ ದುಡಿಯುವವರು ಅಂತ ಬರೆಸಿಕೊಂಡವರು ಶೇ. 36ರಷ್ಟು, ಹೆಂಗಸರನ್ನಷ್ಟೇ ತೆಗೆದುಕೊಂಡರೆ ಇನ್ನೂ ಕಡಿಮೆ, ಶೇ. 23. ಉಳಿದವರಲ್ಲಿ ಎಷ್ಟು ಜನ ಯಾವ ಯಾವ ಅಟ್ಟದ ಮೇಲೆ ಇದ್ದರೋ.

ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋದೆ. ಆ ಊರಿಗೆ ನಾನು ಋಣಿ. ಎನೇಬಲ್ ಇಂಡಿಯಾ, ಸಮರ್ಥನಂ, ಮಿತ್ರಜ್ಯೋತಿಯಂಥ ಸಂಸ್ಥೆಗಳು ಇಲ್ಲದಿದ್ದರೆ ನನ್ನ ವಯಸ್ಸಿನ ಕುರುಡರಲ್ಲಿ ಅರ್ಧಕ್ಕರ್ಧ ಜನ ಕಂಪ್ಯೂಟರ್ ಮುಟ್ಟುತ್ತಲೇ ಇರಲಿಲ್ಲ. ಎನ್‌ವಿಡಿಎ ಅನ್ನುವ ತಂತ್ರಾಂಶ ಪರದೆಯ ಮೇಲಿರೋದನ್ನು ಓದಿ ಹೇಳುತ್ತದೆ. ಅದನ್ನು ಕಟ್ಟಿದವರು ಆಸ್ಟ್ರೇಲಿಯಾದ ಇಬ್ಬರು ಅಂಧರು, ಪೂರ್ತಿ ಉಚಿತ. ಅದರ ಕನ್ನಡ ಮೊದಲು ಕೇಳಿದಾಗ ತಗಡಿನ ಡಬ್ಬದೊಳಗೆ ಕೂತು ಯಾರೋ ಮಗ್ಗಿ ಒಪ್ಪಿಸುತ್ತಿದ್ದಾರೆ ಅನ್ನಿಸಿತ್ತು. ಈಗ ಆ ದನಿ ನನ್ನ ಹೆಂಡತಿಯ ದನಿಗಿಂತ ವೇಗವಾಗಿ ಅರ್ಥವಾಗುತ್ತದೆ. (ಅವಳೇ ಹೇಳಿದ್ದು.)

ಮೊದಲ ನೌಕರಿ ಒಂದು ಕಾಲ್ ಸೆಂಟರಿನಲ್ಲಿ, ತಿಂಗಳಿಗೆ 8,500. ಅದಕ್ಕಿಂತ ಮುಂಚೆ ಹನ್ನೊಂದು ಇಂಟರ್‌ವ್ಯೂ. ಹನ್ನೊಂದರಲ್ಲೂ ನನ್ನ ಓದಿನ ಬಗ್ಗೆ ಕೇಳಿದ್ದಕ್ಕಿಂತ ಮೆಟ್ಟಿಲಿನ ಬಗ್ಗೆ, ಟಾಯ್ಲೆಟ್ಟಿನ ಬಗ್ಗೆ, ಬಸ್ಸಿನ ಬಗ್ಗೆ ಕೇಳಿದ್ದೇ ಹೆಚ್ಚು. ಒಬ್ಬರು "ನಮ್ಮ ಬಿಲ್ಡಿಂಗ್ ನಿಮಗೆ ಸೇಫ್ ಅಲ್ಲ" ಅಂದರು. ಆಗ ನಾನು ಆ ಬಿಲ್ಡಿಂಗಿನ ನಾಲ್ಕನೇ ಮಹಡಿಯಲ್ಲೇ ಕೂತಿದ್ದೆ, ಒಬ್ಬನೇ ಹತ್ತಿ ಬಂದು.

ಬ್ಯಾಂಕ್ ಪರೀಕ್ಷೆಗೆ ಲಿಪಿಕಾರ ಬೇಕು, ಪ್ರಶ್ನೆ ಓದಿ ಹೇಳಿ ನಾನು ಹೇಳಿದ ಉತ್ತರ ಗುರುತು ಹಾಕುವವರು. ನಾವು ಸ್ಕ್ರೈಬ್ ಅಂತಲೇ ಅನ್ನೋದು. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ, ಆದರೆ ಸ್ಕ್ರೈಬ್ ಸಿಗಬೇಕಲ್ಲ. ಒಂದಿಡೀ ಭಾನುವಾರ ಬಿಟ್ಟುಕೊಟ್ಟು ಇನ್ನೊಂದು ಊರಿಗೆ ಬಂದು ಕೂರುವವರು ಯಾರು? ಕೊನೆಗೆ ತಂಗಿಯ ಗೆಳತಿಯ ತಮ್ಮ, ಪಿಯುಸಿ ಓದುತ್ತಿದ್ದ ಹುಡುಗ, ಮಸಾಲೆ ದೋಸೆಯ ಒಪ್ಪಂದದ ಮೇಲೆ ಬಂದ. ಲೆಕ್ಕದ ಭಾಗದಲ್ಲಿ ಒಂದು ಕಡೆ ನಿಂತುಬಿಟ್ಟ. "ಅಣ್ಣಾ, ಇಲ್ಲೊಂದು ರೊಟ್ಟಿ ಇದೆ, ತುಂಡು ತುಂಡು ಮಾಡಿದಾರೆ." ಪೈ ಚಾರ್ಟು! "ಯಾವ ತುಂಡು ಎಷ್ಟು ದೊಡ್ಡದು ಹೇಳೋ." "ಒಂದು ನಮ್ಮಮ್ಮ ನಂಗೆ ಹಾಕೋ ಸೈಜು." ನಗುವ ಹಾಗಿಲ್ಲ, ಮೇಲ್ವಿಚಾರಕರು ಪಕ್ಕದಲ್ಲೇ ನಿಂತಿದ್ದರು. ಆ ಐದು ಪ್ರಶ್ನೆ ಬಿಟ್ಟೆ. ಪಾಸಾದೆ.

ಅಂಗವಿಕಲರ ಮೀಸಲಾತಿಯಲ್ಲಿ ಪಾಸಾದೆ, ಅದರಲ್ಲಿ ಮುಚ್ಚುಮರೆ ಇಲ್ಲ. ಆಗ ಇದ್ದದ್ದು 1995ರ ಕಾಯ್ದೆ, ಶೇ. 3. ಅದನ್ನೂ ಇಲಾಖೆಗಳು ತಮಗೆ ಬೇಕಾದ ಹಾಗೆ ಲೆಕ್ಕ ಹಾಕಿಕೊಂಡು ವರ್ಷಗಟ್ಟಲೆ ತಳ್ಳಿದ್ದವು. ಅಂಗವಿಕಲರು ಮಾಡಬಹುದು ಅಂತ ಗುರುತಿಸಿದ ಹುದ್ದೆಗಳಲ್ಲಷ್ಟೇ ಶೇ. 3 ಸಾಕಾಗದು, ವೃಂದದ ಒಟ್ಟು ಖಾಲಿ ಹುದ್ದೆಗಳ ಮೇಲೆ ಲೆಕ್ಕ ಹಾಕಿ ಅಂತ ಸುಪ್ರೀಂ ಕೋರ್ಟ್ 2013ರ ಅಕ್ಟೋಬರಿನಲ್ಲಿ ಹೇಳಬೇಕಾಯಿತು. ನನ್ನ ನೌಕರಿಯ ಹಿಂದೆ ಆ ತೀರ್ಪಿನ ಪಾಲೂ ಇದೆ ಅಂತ ನಾನು ನಂಬಿದ್ದೇನೆ. ಗುರುತಿಸಿದ ಹುದ್ದೆ ಅಂದೆನಲ್ಲ, ಆ ಪಟ್ಟಿಯನ್ನು ಒಮ್ಮೆ ಓದಿ ನೋಡಿ. ಯಾವ ಹುದ್ದೆಗೆ ದೇಹ ಏನೇನು ಮಾಡಬಲ್ಲುದಾಗಿರಬೇಕು ಅನ್ನುವುದಕ್ಕೆ ಅದರಲ್ಲಿ ಸಂಕೇತಾಕ್ಷರಗಳಿವೆ. ಎಸ್ ಅಂದರೆ ಕೂರುವುದು, ಎಸ್‌ಟಿ ನಿಲ್ಲುವುದು, ಡಬ್ಲ್ಯು ನಡೆಯುವುದು, ಬಿಎನ್ ಬಗ್ಗುವುದು, ಆರ್‌ಡಬ್ಲ್ಯು ಓದು ಬರಹ, ಎಸ್‌ಇ ನೋಡುವುದು. ತೆವಳುವುದಕ್ಕೂ ಒಂದಿದೆ. ನನಗೆ ಸಿಕ್ಕಿದ್ದು ಶುದ್ಧ ಎಸ್.

ಹಾಗೆ ಕೂತಿದ್ದಾಗಲೇ ನವೆಂಬರ್ 8ರ ರಾತ್ರಿ ಬಂತು.

ಐನೂರು, ಸಾವಿರದ ನೋಟು ರದ್ದಾದದ್ದರ ಬಗ್ಗೆ ನಿಮಗೆಲ್ಲ ನಿಮ್ಮ ನಿಮ್ಮ ಕತೆ ಇರುತ್ತದೆ. ನನ್ನದು ಸ್ವಲ್ಪ ತಲೆಕೆಳಗು. 9ನೇ ತಾರೀಕು ಬ್ಯಾಂಕು ಮುಚ್ಚಿತ್ತು, 10ಕ್ಕೆ ತೆರೆಯಿತು. ನಾನು ಬಂದಾಗ ಕ್ಯೂ ಪೆಟ್ರೋಲ್ ಬಂಕಿನ ತನಕ ಇತ್ತು. ಅದು ನನಗೆ ಕಂಡದ್ದಲ್ಲ, ಅದರ ಪಕ್ಕ ನಡೆದು ಬಂದದ್ದು. ಒಂದು ಊರಿಗೆ ಊರೇ ಗೊಣಗುತ್ತಾ ನಿಂತಿತ್ತು. ಒಳಗೆ ಯಾರೂ ನನಗೆ ಕುರ್ಚಿ ತೋರಿಸಲಿಲ್ಲ, ಕಾಫಿ ಬರಲಿಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮ್ಯಾನೇಜರು ದನಿ ಒಡೆದುಕೊಂಡು ಬಂದು, "ರೀ, ನಿಮಗೆ ಟೈಪಿಂಗ್ ಬರುತ್ತಾ?" ಅಂದರು.

ಐದು ತಿಂಗಳಲ್ಲಿ ಅದೇ ಮೊದಲ ಸಲ ಅವರು ನನ್ನನ್ನು ಸಾರ್ ಅನ್ನದೆ ಮಾತಾಡಿಸಿದ್ದು.

ಬದಲಾಯಿಸಿಕೊಳ್ಳಲು ಬಂದವರ ಹೆಸರು, ಗುರುತಿನ ಚೀಟಿಯ ಸಂಖ್ಯೆ, ಮೊತ್ತ ಇಷ್ಟನ್ನು ದಾಖಲಿಸಬೇಕಿತ್ತು. ಮೊದಲು ಒಬ್ಬರಿಗೆ 4,000, ಆಮೇಲೆ 4,500, ಆಮೇಲೆ 2,000. ನಿಯಮ ಬದಲಾದ ಹಾಗೆ ಬೈಗುಳವೂ ಬದಲಾಗುತ್ತಿತ್ತು. ನಾನು ಒಂದು ಕಿವಿಗೆ ಮಾತ್ರ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತೆ. ಎಡಗಿವಿಯಲ್ಲಿ ಎನ್‌ವಿಡಿಎ, ಬಲಗಿವಿಯಲ್ಲಿ ಊರು. "ಹೆಸರು ಹೇಳಿ, ನಂಬರ್ ಓದಿ" ಅನ್ನುತ್ತಿದ್ದೆ. ಓದು ಬಾರದವರಿಗೆ ಹಿಂದೆ ನಿಂತವರು ಓದಿ ಹೇಳುತ್ತಿದ್ದರು. ಶನಿವಾರ, ಭಾನುವಾರವೂ ಮಾಡಿದೆವು. ಎಷ್ಟೋ ಜನರಿಗೆ ನನಗೆ ಸರಿಯಾಗಿ ಕಾಣಿಸುವುದಿಲ್ಲ ಅಂತ ಗೊತ್ತೇ ಆಗಲಿಲ್ಲ. ಮುಖ ಎತ್ತಿ ನೋಡದ ಬ್ಯಾಂಕ್ ಗುಮಾಸ್ತರು ಅವರಿಗೆ ಹೊಸಬರಲ್ಲವಲ್ಲ.

ನನ್ನ ಮೇಲೆ ಯಾರಿಗೂ ಹೊಸದಾಗಿ ನಂಬಿಕೆ ಹುಟ್ಟಲಿಲ್ಲ. ಕರುಣೆ ತೋರಿಸೋದಕ್ಕೆ ಪುರುಸೊತ್ತು ಇರಲಿಲ್ಲ, ಅಷ್ಟೇ. ಪುರುಸೊತ್ತು ವಾಪಸ್ ಬರುವ ಹೊತ್ತಿಗೆ ನಾನು ಮೂರು ವಾರದ ಕೆಲಸಗಾರನಾಗಿದ್ದೆ, ಎಬ್ಬಿಸಿ ಮತ್ತೆ ಕಿಟಕಿ ಪಕ್ಕ ಕೂರಿಸೋದು ಅವರಿಗೇ ಮುಜುಗರವಾಯಿತು.

ಆದರೆ ಅದೇ ರಾತ್ರಿ ನನ್ನ ಕೈಯಿಂದ ಒಂದನ್ನು ಕಿತ್ತುಕೊಂಡಿತ್ತು. ಹಳೆಯ ನೋಟುಗಳಲ್ಲಿ ನೂರು 157 ಮಿಲಿಮೀಟರ್ ಉದ್ದ, ಐನೂರು 167, ಸಾವಿರ 177. ಒಂದೊಂದಕ್ಕೂ ಸೆಂಟಿಮೀಟರ್ ವ್ಯತ್ಯಾಸ. ಬೆರಳ ಗೆಣ್ಣಿನ ಮೇಲಿಟ್ಟರೆ ಸಾಕಿತ್ತು. ಹೊಸದರಲ್ಲಿ ಐನೂರು 150, ಮುಂದಿನ ವರ್ಷ ಬಂದ ಇನ್ನೂರು 146, ಅದರಾಚೆಯ ವರ್ಷದ ನೂರು 142. ಮೂರರದ್ದೂ ಅಗಲ ಒಂದೇ, ಉದ್ದದಲ್ಲಿ 4 ಮಿಲಿಮೀಟರ್. ನಾಲ್ಕು ಮಿಲಿಮೀಟರನ್ನು ಬಸ್ ಕಂಡಕ್ಟರ್ ಮುಂದೆ ನಿಂತು ಅಳೆಯೋಕೆ ಆಗುತ್ತಾ? ರಿಸರ್ವ್ ಬ್ಯಾಂಕಿನ ನೋಟು ಗುರುತಿಸುವ ಆ್ಯಪ್ ಬಂದದ್ದು 2020ಕ್ಕೆ. ಹಾಗಾಗಿ ಕ್ಯಾಶ್ ಕೌಂಟರ್ ಕೊಡಿ ಅಂತ ನಾನು ಇವತ್ತಿಗೂ ಕೇಳಿಲ್ಲ. ಆಗದ್ದನ್ನು ಆಗದು ಅಂತ ನಾನೇ ಹೇಳುತ್ತೇನೆ. ಬೇರೆಯವರು ನನಗಿಂತ ಮೊದಲು ಹೇಳಬಾರದು ಅನ್ನುವುದಷ್ಟೇ ನನ್ನ ತಕರಾರು.

ನೋಟು ಬದಲಾವಣೆ 24ಕ್ಕೆ ನಿಂತ ಮೇಲೆ ಪಿಂಚಣಿಯವರು ಬಂದರು. ನವೆಂಬರ್ ಅಂದರೆ ಅವರು ಬದುಕಿದ್ದೇವೆ ಅಂತ ಸಾಬೀತು ಮಾಡುವ ತಿಂಗಳು. ಬೆರಳಚ್ಚು ಯಂತ್ರದ ಮೇಲೆ ಬೆರಳಿಟ್ಟರೆ ಆಧಾರ್ ಜೊತೆ ತಾಳೆಯಾಗಿ ಪ್ರಮಾಣಪತ್ರ ಬರುತ್ತದೆ. ಬರಬೇಕು. ಎಪ್ಪತ್ತೈದು ದಾಟಿದವರ ಬೆರಳಲ್ಲಿ ಗೆರೆ ಎಲ್ಲಿರುತ್ತದೆ? ಯಂತ್ರ ಒಪ್ಪುವುದಿಲ್ಲ. ಒಬ್ಬ ನಿವೃತ್ತ ಮೇಷ್ಟ್ರು, ನಾಲ್ಕು ಬೆರಳೂ ಸೋತ ಮೇಲೆ, "ನಾನು ಬದುಕಿದೀನಿ ಅಂತ ನೀನಾದ್ರೂ ನೋಡಿ ಬರ್ಕೊಳ್ಳಪ್ಪ" ಅಂದರು. "ಮೇಷ್ಟ್ರೇ, ನಂಗೂ ಕಾಣ್ಸಲ್ಲ" ಅಂದೆ. ಒಂದು ಕ್ಷಣ ಸುಮ್ಮನಿದ್ದು ಜೋರಾಗಿ ನಕ್ಕರು. ಅವರ ಹೆಬ್ಬೆರಳು ಹಿಡಿದುಕೊಂಡೆ. ಸೀಮೆಸುಣ್ಣ ಹಿಡಿದು ಸವೆದ ಬೆರಳು, ಒಣಗಿ ಕಾಗದದ ಹಾಗಾಗಿತ್ತು. ಒದ್ದೆ ಬಟ್ಟೆಯಲ್ಲಿ ಉಜ್ಜಿ, ತುದಿಯಿಂದ ಸ್ವಲ್ಪ ಕೆಳಕ್ಕೆ, ಗೆರೆ ಇನ್ನೂ ಉಳಿದ ಜಾಗ ನನ್ನ ಬೆರಳಿಗೆ ತಾಗಿತು. ಅಲ್ಲಿಂದ ಒತ್ತಿಸಿದೆ. ಯಂತ್ರ ಬೀಪ್ ಅಂತು. ಆಮೇಲಿಂದ ಪ್ರತಿ ನವೆಂಬರಿನಲ್ಲಿ ಆ ಯಂತ್ರ ನನ್ನ ಮೇಜಿನ ಮೇಲೇ ಇರುತ್ತದೆ.

ನಾವು ನೋಟು ಎಣಿಸುತ್ತಿದ್ದ ಆ ಡಿಸೆಂಬರಿನಲ್ಲೇ, 14ಕ್ಕೆ ರಾಜ್ಯಸಭೆ, 16ಕ್ಕೆ ಲೋಕಸಭೆ ಹೊಸ ಅಂಗವಿಕಲರ ಹಕ್ಕುಗಳ ಮಸೂದೆಗೆ ಒಪ್ಪಿಗೆ ಕೊಟ್ಟವು. ಯಾರಿಗೆ ಕಿವಿ ಇತ್ತು ಆಗ? 7 ಬಗೆಯ ನ್ಯೂನತೆ 21 ಆಯಿತು, ಶೇ. 3 ಇದ್ದದ್ದು ಶೇ. 4 ಆಯಿತು. ಖಾಸಗಿಯವರಿಗೆ ಮಾತ್ರ ಪ್ರೋತ್ಸಾಹದ ಮಾತು, ನೂರಕ್ಕೆ ಐದು ಜನರನ್ನು ಇಟ್ಟುಕೊಂಡರೆ ಒಳ್ಳೆಯದು ಅನ್ನುವ ಧಾಟಿ. ಕಾಲ್ ಸೆಂಟರಿನ ಗೆಳೆಯರು ಈಗಲೂ ಹನ್ನೊಂದು, ಹನ್ನೆರಡು ಇಂಟರ್‌ವ್ಯೂ ಅಂತ ಎಣಿಸುತ್ತಲೇ ಇದ್ದಾರೆ.

ನಮ್ಮೂರ ಪಕ್ಕದಲ್ಲೇ ನನ್ನ ಸಹಪಾಠಿಯೊಬ್ಬ ಇದ್ದಾನೆ. ಪೋಲಿಯೊ, ಎರಡೂ ಕಾಲು. ಅವನು ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯು., ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಅಂಗವಿಕಲರಿಗೆ ಅಂಗವಿಕಲರೇ ಕೆಲಸ ಮಾಡಿಕೊಡುವ ವ್ಯವಸ್ಥೆ ಇದು, ಕರ್ನಾಟಕ ಹೆಮ್ಮೆಪಡಬಹುದಾದದ್ದು. ಮೂರು ಚಕ್ರದ ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ಯಾರಿಗೆ ಪಿಂಚಣಿ ಬಂದಿಲ್ಲ, ಯಾರ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗಿಲ್ಲ ಅಂತ ಬರೆದುಕೊಳ್ಳುತ್ತಾನೆ, ವೈದ್ಯಕೀಯ ಮಂಡಳಿ ಕೂರುವ ದಿನ ಜನರನ್ನು ಆಸ್ಪತ್ರೆಗೆ ಹೊರಡಿಸುತ್ತಾನೆ. ನನಗಿಂತ ಹೆಚ್ಚು ದುಡಿಯುತ್ತಾನೆ. ಅವನಿಗೆ ಸಿಗೋದು ಸಂಬಳ ಅಲ್ಲ, ಗೌರವಧನ. "ನಿಂಗೆ ಸಂಬಳ ಕೊಡ್ತಾರೆ, ಗೌರವ ಇಲ್ಲ. ನಂಗೆ ಗೌರವ ಕೊಡ್ತಾರೆ, ಸಂಬಳ ಇಲ್ಲ. ಇಬ್ರೂ ಸೇರಿದ್ರೆ ಒಂದು ನೌಕ್ರಿ ಆಗುತ್ತೆ ಕಣೋ" ಅನ್ನುತ್ತಾನೆ. ನಮ್ಮನ್ನು ಏನೆಂದು ಕರೆಯಬೇಕು ಅನ್ನುವ ಚರ್ಚೆ ಬಂದಾಗೆಲ್ಲ ನನಗೆ ಅವನ ಮಾತೇ ನೆನಪಾಗೋದು. ಅಂಗವಿಕಲ ಬೇಡ ಅಂದರು, ವಿಕಲಚೇತನ ಬಂತು. ಅಂಗ ಬಿಟ್ಟು ಚೇತನವೇ ಊನ ಅಂದ ಹಾಗಾಯಿತು. ಆಮೇಲೆ ವಿಶೇಷಚೇತನ, ದಿವ್ಯಾಂಗ. ಪದಕ್ಕೆ ಬಡ್ತಿ ಸಿಕ್ಕಷ್ಟು ಬೇಗ ನಮಗೆ ಸಿಕ್ಕಿಲ್ಲ.

ಇನ್ನು ನೌಕರಿ ಉಳಿಸಿಕೊಳ್ಳುವ ಮಾತು. ಇದನ್ನು ಬರೆಯೋದಕ್ಕೆ ಸ್ವಲ್ಪ ನಾಚಿಕೆಯೇ.

2019ರಲ್ಲಿ ನನ್ನ ಪೈಪು ಮುಚ್ಚತೊಡಗಿತು. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು. ಸೇವೆಯಲ್ಲಿರುವಾಗ ನ್ಯೂನತೆ ಬಂದರೆ ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವ ಹಾಗಿಲ್ಲ, ದರ್ಜೆ ಇಳಿಸುವ ಹಾಗಿಲ್ಲ. ಆ ಹುದ್ದೆ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಹೊಸ ಕಾಯ್ದೆಯ 20ನೇ ಸೆಕ್ಷನ್ನು ಇದು, ಹಳೆಯದರಲ್ಲಿ 47. ಇದನ್ನು ನಾನು ಬೇರೆಯವರಿಗೆ ಬಾಯಿಪಾಠ ಹೇಳಿಕೊಟ್ಟವನು. ಅಪಘಾತದಲ್ಲಿ ಕಾಲು ಕಳೆದುಕೊಂಡ ಪರಿಚಯದವರೊಬ್ಬರು ರಾಜೀನಾಮೆ ಬರೆಯಲು ಹೊರಟಾಗ ಫೋನಿನಲ್ಲೇ ತಡೆದವನು. ಹಾಗಿದ್ದೂ ನನ್ನದನ್ನು ಒಂದು ವರ್ಷ ಯಾರಿಗೂ ಹೇಳಲಿಲ್ಲ. ಕಾಯ್ದೆಯ ಹೆದರಿಕೆ ಅಲ್ಲ, ಆ ಕುರ್ಚಿಯ ಹೆದರಿಕೆ. "ಪೂರ್ತಿ ಹೋಯ್ತಂತೆ" ಅಂತ ಗೊತ್ತಾದರೆ ಮತ್ತೆ ಕಾಫಿ ಬರುತ್ತದೆ, ಕೆಲಸ ಹೋಗುತ್ತದೆ.

ಬಾಗಿಲಿಂದ ನನ್ನ ಮೇಜಿಗೆ ಹದಿನಾರು ಹೆಜ್ಜೆ, ಒಂಬತ್ತನೆಯದರಲ್ಲಿ ಎಡಕ್ಕೆ. ಬಿಳಿ ಕೋಲು ಬ್ಯಾಗಿನಲ್ಲೇ ಮಡಚಿಟ್ಟುಕೊಂಡು ಆ ಹದಿನಾರು ಹೆಜ್ಜೆ ಕಾಣುವವನ ಹಾಗೆ ನಡೆಯುತ್ತಿದ್ದೆ. ಪ್ರಿಂಟರ್ ಕಾಗದದ ರಟ್ಟಿನ ಪೆಟ್ಟಿಗೆಗಳನ್ನು ಎಲ್ಲೆಂದರಲ್ಲಿ ಇಡುವ ಬ್ರಾಂಚು ನಮ್ಮದು, ಆದರೂ ಒಂದು ದಿನವೂ ಎಡವಲಿಲ್ಲ. ನನ್ನ ಜಾಣತನದ ಬಗ್ಗೆ ನನಗೇ ಮೆಚ್ಚುಗೆ ಇತ್ತು. ಒಂದು ಬೆಳಿಗ್ಗೆ ಎಡವಿದೆ, ಮೊಣಕಾಲು ಒಡೆದುಕೊಂಡೆ. ಆವತ್ತು ನಮ್ಮ ಅಟೆಂಡರ್ ರಜದಲ್ಲಿದ್ದರು. ಮಾರನೇ ದಿನ ಬಂದವರು ಬ್ಯಾಂಡೇಜ್ ನೋಡಿ ಮೆಲ್ಲಗೆ, "ಸಾರ್, ನಾನಿಲ್ದಿದ್ ದಿನ ಫೋನ್ ಮಾಡಿ. ಯಾರಿಗಾದ್ರೂ ಹೇಳಿ ಬಾಕ್ಸ್ ಎತ್ತಿಸ್ತೀನಿ" ಅಂದರು. ಎಂಟು ತಿಂಗಳಿಂದ ದಿನಾ ಒಂಬತ್ತೂವರೆಗೆ ಬಂದು ನನ್ನ ದಾರಿ ಗುಡಿಸಿಡುತ್ತಿದ್ದರಂತೆ. "ನಿಮಗೆ ಯಾವಾಗ ಗೊತ್ತಾಯ್ತು?" ಅಂದೆ. "ನೀವು ಲೈಟ್ ಹಾಕೋದು ಬಿಟ್ರಲ್ಲ ಸಾರ್, ಆವಾಗ."

ಆ ಮಧ್ಯಾಹ್ನವೇ ಮ್ಯಾನೇಜರ್ ರೂಮಿಗೆ ಹೋಗಿ ಹೇಳಿದೆ. ಅಷ್ಟರಲ್ಲಿ ಮ್ಯಾನೇಜರು ಬದಲಾಗಿದ್ದರು, ಈಗಿನವರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕುರ್ಚಿ, ಕಾಫಿ ಯಾವ ಮಾತೂ ಬರಲಿಲ್ಲ. "ಸರಿ. ಏನೇನು ಬದಲಾಯಿಸಬೇಕು, ಮೇಲ್ ಮಾಡಿ" ಅಂದರು. ಕೇಳಿದ್ದರಲ್ಲಿ ಅರ್ಧ ಆಯಿತು.

ಆಗದ ಅರ್ಧದಲ್ಲಿ ಕನ್ನಡವೂ ಒಂದು. ಕೆಲವು ಕಚೇರಿಗಳಿಂದ ಬರುವ ಕಡತ ಈಗಲೂ ಯುನಿಕೋಡ್‌ನಲ್ಲಿರುವುದಿಲ್ಲ, ಹಳೆಯ ನುಡಿ ಫಾಂಟಿನಲ್ಲಿರುತ್ತದೆ. ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಹೊಟ್ಟೆಯಲ್ಲಿ ಬೇರೆಯೇ ಚಿಹ್ನೆಗಳು. 'ಕನ್ನಡ' ಅನ್ನುವ ಪದವನ್ನೇ ಅಕ್ಷರ ಬಿಡಿಸಿ ಓದಿಸಿದರೆ ಪಿ, ಎ, ಪೌಂಡ್, ಎ ಅಂತ ಶುರುವಾಗಿ ಕ್ಯೂ, ಎ ಅಂತ ಮುಗಿಯುತ್ತದೆ. ಬೆಳೆ ಸಾಲ ಮನ್ನಾದ ಪಟ್ಟಿ ಬಂದ ದಿನಗಳಲ್ಲಿ ನಮ್ಮ ರೈತರ ಹೆಸರುಗಳೆಲ್ಲ ನನ್ನ ಕಿವಿಯಲ್ಲಿ ಇಂಗ್ಲೆಂಡಿನ ಹಣವಾಗಿ ಉದುರುತ್ತಿದ್ದವು. ಪರಿವರ್ತಕಕ್ಕೆ ಹಾಕಿ, ತಿದ್ದಿ, ಓದುತ್ತೇನೆ. ಕಾಣುವವರಿಗೆ ಎರಡು ನಿಮಿಷ ಹಿಡಿಯುವ ಪತ್ರ ನನಗೆ ಹದಿನೈದು ನಿಮಿಷ. ಆ ಹದಿಮೂರು ನಿಮಿಷವನ್ನು ಊಟದ ಹೊತ್ತಿನಿಂದ ಕಡ ತರುತ್ತೇನೆ. "ನಿಮಗೇನಪ್ಪ, ಟ್ಯಾಕ್ಸಲ್ಲೂ ಒಂದೂಕಾಲು ಲಕ್ಷ ವಿನಾಯಿತಿ" ಅಂತ ಪಕ್ಕದ ಮೇಜಿನವರು ತಮಾಷೆ ಮಾಡುವಾಗ ಈ ನಿಮಿಷಗಳ ಲೆಕ್ಕ ಒಪ್ಪಿಸಬೇಕು ಅನ್ನಿಸುತ್ತದೆ, ಸುಮ್ಮನಾಗುತ್ತೇನೆ.

ಸದ್ಯದ ತಲೆನೋವು ಹೊಸ ಸಾಫ್ಟ್‌ವೇರ್. ಅದರಲ್ಲಿ ಗುಂಡಿಗಳಿಗೆಲ್ಲ ಚಿತ್ರ ಹಾಕಿದ್ದಾರೆ, ಹೆಸರು ಕೊಟ್ಟಿಲ್ಲ. ಎನ್‌ವಿಡಿಎ ಪಾಪ ಏನು ಓದೀತು? "ಬಟನ್. ಬಟನ್. ಬಟನ್." ಅನ್ನುತ್ತಾ ಹೋಗುತ್ತದೆ. ನಾನು ಟ್ಯಾಬ್ ಒತ್ತಿ ಎಣಿಸಿ ಕಲಿತಿದ್ದೆ. ಏಳನೆಯದು ಮಂಜೂರು, ಎಂಟನೆಯದು ತಿರಸ್ಕಾರ. ಹೋದ ತಿಂಗಳು ಅಪ್‌ಡೇಟ್ ಬಂದು ಮಧ್ಯೆ ಎಲ್ಲೋ ಒಂದು ಗುಂಡಿ ಕಡಿಮೆಯಾಯಿತು, ಯಾರೂ ಹೇಳಲಿಲ್ಲ. ನಾನು ಏಳನೆಯದನ್ನೇ ಒತ್ತಿದೆ. ಒಬ್ಬ ಅಜ್ಜಿಯ ಅರ್ಜಿ ತಿರಸ್ಕಾರವಾಗಿ, ಆಕೆ ಎರಡನೇ ಸಲ ಬಸ್ಸು ಹಿಡಿದು ಬರಬೇಕಾಯಿತು. ತಪ್ಪು ನನ್ನ ಹೆಸರಲ್ಲೇ ದಾಖಲಾಗಿದೆ. ಗುಂಡಿಗಳಿಗೆ ಹೆಸರು ಕೊಡಿ ಅಂತ ದೂರು ಹಾಕಿದ್ದೇನೆ, 'ಪರಿಶೀಲನೆಯಲ್ಲಿದೆ' ಅಂತ ಉತ್ತರ ಬಂದಿದೆ. ಅಲ್ಲಿಯ ತನಕ ಮಂಜೂರು ಆರನೆಯದು. ಮುಂದಿನ ಅಪ್‌ಡೇಟ್ ಸೆಪ್ಟೆಂಬರಿನಲ್ಲಂತೆ.